ಥೆರಪಿಗೂ ಮೊದಲು ಒಂದು ವಾರದ ಲೆಕ್ಕ

ದಾವಣಗೆರೆಯಲ್ಲಿ ಮಕ್ಕಳ ಥೆರಪಿ ಮಾಡುವ ನನ್ನ ಹತ್ತಿರ ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದೆಲ್ಲ ಬರುತ್ತಾರೆ. 'ಇವತ್ತೇ ಶುರು ಮಾಡ್ತೀರೇನ್ರೀ ಮೇಡಂ?' ಅಂತ ಕೇಳುತ್ತಾರೆ. ಬಸ್ ಹಿಡಿದು ಬಂದವರಿಗೆ ಆತುರ ಸಹಜ. ಆದರೂ ಮೊದಲ ವಾರ ನಾನು ಏನನ್ನೂ ಬದಲಾಯಿಸುವುದಿಲ್ಲ. ಸುಮ್ನೆ ಎಣಿಸಿ ಅನ್ನುತ್ತೇನೆ.

'ಹಠ ಜಾಸ್ತಿ' ಅನ್ನುವುದನ್ನು ಎಣಿಸಲು ಬರುವುದಿಲ್ಲ. ಊಟಕ್ಕೆ ಕೂತ ಹತ್ತು ನಿಮಿಷದಲ್ಲಿ ತಟ್ಟೆಯನ್ನು ಎಷ್ಟು ಸಲ ತಳ್ಳಿದ ಅನ್ನುವುದನ್ನು ಎಣಿಸಬಹುದು. ಅಮ್ಮ ಒಂದು ಹಾಳೆಯಲ್ಲಿ, ಅಜ್ಜಿ ಇನ್ನೊಂದರಲ್ಲಿ ಗೀಟು ಹಾಕಲಿ. ಒಬ್ಬರದನ್ನೊಬ್ಬರು ನೋಡಬಾರದು. ಇಬ್ಬರ ಲೆಕ್ಕ ಶೇ 80ರಷ್ಟಾದರೂ ಹೊಂದಬೇಕು ಅನ್ನುವುದು ಸಂಶೋಧನೆಯಲ್ಲಿರುವ ರೂಢಿ.

ಈ ಹಂತವೇ ಬೇಸ್‌ಲೈನ್. ಗ್ರಾಫಿನಲ್ಲಿ ಇದು 'ಎ', ಥೆರಪಿ ಶುರುವಾದ ಮೇಲಿನದು 'ಬಿ'. ಒಂದು ದಿನದ ಲೆಕ್ಕಕ್ಕೆ ಒಂದು ಚುಕ್ಕೆ; ಹಂತಕ್ಕೆ ಐದು ಚುಕ್ಕೆಯಾದರೂ ಇದ್ದರೆ ಒಳ್ಳೆಯದು. ಬೇಸ್‌ಲೈನಿನಲ್ಲೇ ಗೆರೆ ಇಳಿಯುತ್ತಿದ್ದರೆ ಇನ್ನೂ ಕಾಯಬೇಕು. ಇಲ್ಲದಿದ್ದರೆ ತಾನಾಗಿಯೇ ಆಗುತ್ತಿದ್ದ ಸುಧಾರಣೆಯನ್ನು ನಮ್ಮ ಖಾತೆಗೆ ಹಾಕಿಕೊಂಡ ಹಾಗಾಗುತ್ತದೆ, ಅಲ್ವಾ?

ಬಿ ಹಂತದಲ್ಲಿ ತಟ್ಟೆ ತಳ್ಳುವುದು ಕಡಿಮೆಯಾಯಿತು ಅನ್ನಿ. ಅಷ್ಟಕ್ಕೇ ನಂಬಬಾರದು. ಅದೇ ವಾರ ಹಲ್ಲುನೋವು ವಾಸಿಯಾಗಿರಬಹುದು, ದಸರಾ ರಜೆಗೆ ಅಕ್ಕ ಮನೆಗೆ ಬಂದಿರಬಹುದು. ಅದಕ್ಕೇ ಥೆರಪಿ ಕೆಲ ದಿನ ನಿಲ್ಲಿಸಿ, ಮತ್ತೆ ಶುರು ಮಾಡುವ ಎ-ಬಿ-ಎ-ಬಿ ಕ್ರಮ ಇದೆ. ಶುರು ಮಾಡಿದಾಗ ಇಳಿದು, ನಿಲ್ಲಿಸಿದಾಗ ಏರಿ, ಮತ್ತೆ ಶುರು ಮಾಡಿದಾಗ ಇಳಿದರೆ ಮೂರು ಸಲ ಪರಿಣಾಮ ಕಂಡಂತಾಯಿತು. ಇಲ್ಲಿ ಮಗುವನ್ನು ಹೋಲಿಸುವುದು ಆ ಮಗುವಿನ ಜೊತೆಗೇ, ಪಕ್ಕದ ಮನೆಯ ಮಗುವಿನ ಜೊತೆಗಲ್ಲ.

ಆದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಗುವಿನ ಥೆರಪಿ ನಿಲ್ಲಿಸಿ ನೋಡುವುದನ್ನು ನಾನು ಒಪ್ಪುವುದಿಲ್ಲ. ಅಂಥ ಮಗುವಿಗೆ ವಾರವಿಡೀ ಕಾಯುವುದೂ ಇಲ್ಲ. ಇನ್ನು ಕಲಿತ ಮಾತನ್ನು ಮರೆಸಲಂತೂ ಆಗುವುದಿಲ್ಲ.

ಅಲ್ಲಿಗೆ ಬರುವುದು ಬಹು ಬೇಸ್‌ಲೈನ್. ಬೇರ್, ವುಲ್ಫ್, ರಿಸ್ಲಿ ಅನ್ನುವ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು 1968ರ ಲೇಖನದಲ್ಲಿ ಇದನ್ನು ವಿವರಿಸಿದ್ದರು. 'ನೀರು', 'ಕೊಡು', 'ಸಾಕು' ಅನ್ನುವ ಮೂರು ಮಾತನ್ನು ಮಗು ಎಷ್ಟು ಸಲ ಆಡುತ್ತದೆ ಅಂತ ಒಟ್ಟಿಗೇ ಎಣಿಸುತ್ತಾ ಹೋಗಿ. ಮೊದಲು 'ನೀರು' ಮಾತ್ರ ಕಲಿಸಿ. ಅದೊಂದೇ ಏರಿ ಉಳಿದೆರಡು ಇದ್ದಲ್ಲೇ ಇದ್ದರೆ 'ಕೊಡು' ಶುರು ಮಾಡಿ, ಆಮೇಲೆ 'ಸಾಕು'. ಕಲಿಸಿದಾಗ ಕಲಿಸಿದ್ದು ಮಾತ್ರ ಏರಿದರೆ, ಅದು ಕಲಿಸಿದ್ದರಿಂದಲೇ ಆಗಿದ್ದು ಅನ್ನಲು ಗಟ್ಟಿ ಆಧಾರ ಸಿಕ್ಕಂತೆ.

ಒಂದು ಮಗುವಿಗೆ ಫಲಿಸಿದ್ದು ಎಲ್ಲರಿಗೂ ಫಲಿಸುತ್ತದಾ? ಹಾಗೆ ಹೇಳಲು ಬರುವುದಿಲ್ಲ. ಬೇರೆ ಮಕ್ಕಳ ಮೇಲೆ, ಬೇರೆ ಊರಿನಲ್ಲಿ, ಬೇರೆ ಥೆರಪಿಸ್ಟ್ ಮಾಡಿದಾಗಲೂ ಗ್ರಾಫ್ ಹೀಗೇ ಬರಬೇಕು.