ಸ್ಕ್ರೀನ್ ಬೀಳುವ ಹೊತ್ತಿಗೆ

ನಾಟಕಕಾರ ಶೆರಿಡನ್ನನ ಹಾಸ್ಯನಾಟಕ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡದ್ದು 1777ರ ಮೇ 8ರಂದು. ಇಂದು ಇದನ್ನು ಕೈಗೆತ್ತಿಕೊಳ್ಳುವ ತಂಡಗಳು ಮೊದಲು ಹೆದರುವುದು ಹಳೆಯ ಮಾತಿಗೆ, ಉದ್ದುದ್ದ ವಾಕ್ಯಗಳಿಗೆ. ಆದರೆ ನಾಟಕ ಸೋಲುವುದು ಅಲ್ಲಲ್ಲ. ಯಾರು ಎಲ್ಲಿ ಅಡಗಿದ್ದಾರೆ, ಯಾರಿಗೆ ಏನು ಗೊತ್ತಿಲ್ಲ ಎಂಬುದು ಪ್ರೇಕ್ಷಕರಿಗೆ ಮರೆತರೆ ಎಂಥ ನಟರಿದ್ದರೂ ನಗು ಹುಟ್ಟುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಬೆಳಕಿನದು. ಆ ಕಾಲದಲ್ಲಿ ನಾಟಕ ನಡೆಯುವಾಗಲೂ ಪ್ರೇಕ್ಷಾಂಗಣದ ಮೇಣದಬತ್ತಿಗಳು ಉರಿಯುತ್ತಿದ್ದವು. ನಟ ನೋಡುಗರ ಮುಖ ನೋಡಿಯೇ ಜನಾಂತಿಕ, ಎಂದರೆ ಎದುರಿನ ಪಾತ್ರಕ್ಕೆ ಕೇಳಿಸದಂತೆ ಪ್ರೇಕ್ಷಕರಿಗಷ್ಟೇ ಆಡುವ ಮಾತು, ಹೇಳುತ್ತಿದ್ದ. ಸಭಾಂಗಣ ಪೂರ್ತಿ ಕತ್ತಲಾದರೆ ಅದೇ ಮಾತು ಗೊಣಗಾಟವಾಗುತ್ತದೆ. ಹಾಲ್‌ನ ದೀಪಗಳನ್ನು ಶೇಕಡಾ 15ರಿಂದ 20ರಷ್ಟು ಉಳಿಸಿಕೊಳ್ಳಿ. ಜನಾಂತಿಕಕ್ಕೆ ಮೊದಲು ನಿಲುಗಡೆ ಬೇಡ, ಬೇಕಾದರೆ ಆಮೇಲೆ ಇರಲಿ. ಎದುರಿನ ನಟ ಆ ಹೊತ್ತಿನಲ್ಲಿ ಗೊಂಬೆಯಂತೆ ನಿಲ್ಲದೆ ತನ್ನ ಕೆಲಸ ಮುಂದುವರಿಸಬೇಕು.

ಐದು ಅಂಕಗಳಲ್ಲಿ 14 ದೃಶ್ಯಗಳಿವೆ. ಆಗ ಚಿತ್ರಿಸಿದ ಹಲಗೆಗಳು ತೋಡಿನಲ್ಲಿ ಸರಿದು, ಜನರ ಕಣ್ಣೆದುರೇ ಕ್ಷಣದಲ್ಲಿ ಮನೆ ಬದಲಾಗುತ್ತಿತ್ತು. ಇಂದು ಪ್ರತಿ ದೃಶ್ಯಕ್ಕೂ ಅರ್ಧ ನಿಮಿಷ ಕತ್ತಲು ಮಾಡಿದರೆ ಆರು ನಿಮಿಷಕ್ಕೂ ಹೆಚ್ಚು ಹೋಯಿತು, ನಗುವಿನ ಕಾವೂ ಆರಿತು. ಕುರ್ಚಿ ಮೇಜುಗಳನ್ನು ಸೇವಕರ ಪಾತ್ರಧಾರಿಗಳೇ ಬೆಳಕಿನಲ್ಲೇ ಬದಲಿಸಲಿ. ವಿರಾಮ ಮೂರನೆಯ ಅಂಕದ ಕೊನೆಗೆ ಬರಲಿ. ದುಂದುಗಾರ ಯುವಕ ಚಾರ್ಲ್ಸ್ ಹರಾಜು ಹಾಕುವ ಪೂರ್ವಜರ ಚಿತ್ರಗಳನ್ನು ಆಗಲೇ ತೂಗುಹಾಕಬಹುದು.

ಕತ್ತರಿ ಹಾಕಬೇಕಾದದ್ದು ಚಾಡಿಕೋರರ ಕೂಟಕ್ಕೆ. ವೇದಿಕೆಗೆ ಬಾರದವರ ಹೆಸರುಗಳು ಅಲ್ಲಿ ಸಾಲುಸಾಲಾಗಿವೆ. ಒಂದೊಂದು ಕೂಟಕ್ಕೆ ಮೂರು ನಾಲ್ಕು ಕತೆ ಸಾಕು, ಆದರೆ ಒಬ್ಬರ ಮಾತನ್ನು ಇನ್ನೊಬ್ಬರು ಕಸಿದುಕೊಳ್ಳುವ ಓಟ ಕೆಡಬಾರದು. ಬಡ್ಡಿಗೆ ಸಾಲ ಕೊಡುವ ಮೋಸೆಸ್‌ನ ಯೆಹೂದಿತನವನ್ನೇ ಹಂಗಿಸುವ ಸಾಲುಗಳನ್ನು ಸಂಕೋಚವಿಲ್ಲದೆ ತೆಗೆಯಿರಿ. ಗಿರಾಕಿ ಕಂಗಾಲಾಗಿದ್ದರೆ ಶೇಕಡಾ 40–50ರ ಬಡ್ಡಿಯನ್ನು ಇಮ್ಮಡಿ ಮಾಡಬಹುದೆಂದು ಆತ ಪಾಠ ಹೇಳುವ ಭಾಗ ಮಾತ್ರ ಇರಲಿ, ಅಲ್ಲಿ ನಗು ಬೀಳುವುದು ಚಾರ್ಲ್ಸ್‌ನನ್ನು ಪರೀಕ್ಷಿಸಲು ಸಾಲ ಕೊಡುವವನ ವೇಷ ಹಾಕಲು ಹೊರಟ ಅವನ ಚಿಕ್ಕಪ್ಪ ಸರ್ ಆಲಿವರ್ ಮೇಲೆ. ಇಂಡಿಯಾದಿಂದ ಆ ಚಿಕ್ಕಪ್ಪ ಕಳಿಸಿದ್ದು ಚಹಾ, ಪಟಾಕಿ, ‘ಅವಡವಟ್’ನಂಥ ಸಣ್ಣಪುಟ್ಟ ಕಾಣಿಕೆ ಮಾತ್ರ ಎಂದು ಚಾರ್ಲ್ಸ್‌ನ ಅಣ್ಣ ಜೋಸೆಫ್ ಹೇಳುತ್ತಾನೆ. ಅಹಮದಾಬಾದಿನ ಹೆಸರು ಹೊತ್ತ ಆ ಹಕ್ಕಿ ನಮ್ಮ ಕೆಂಪು ಮುನಿಯ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೆಂದು ನಟನಿಗೆ ಗೊತ್ತಿದ್ದರೆ ಕೈಯೇ ಅರ್ಥ ಹೇಳುತ್ತದೆ.

ಇನ್ನು ನಾಲ್ಕನೆಯ ಅಂಕದ ಮೂರನೆಯ ದೃಶ್ಯ. ತಾಲೀಮಿನ ಕಾಲು ಭಾಗವನ್ನು ಇದಕ್ಕೇ ಎತ್ತಿಡಿ. ಎದುರುಮನೆಯವಳ ಕಣ್ಣು ತಪ್ಪಿಸಲು ಜೋಸೆಫ್ ಮಡಚುವ ಸ್ಕ್ರೀನನ್ನು ಕಿಟಕಿಗೆ ಅಡ್ಡ ಇಡಿಸುತ್ತಾನೆ. ಅವನನ್ನು ಕಾಣಲು ಬಂದ ಲೇಡಿ ಟೀಜಲ್, ಗಂಡ ಸರ್ ಪೀಟರ್ ಬಂದನೆಂದು ಅಡಗುವುದು ಅದರ ಹಿಂದೆ, ಎಂದರೆ ನೇರವಾಗಿ ಆ ಎದುರುಮನೆಯವಳ ಕಣ್ಣಿಗೆ! ವೇದಿಕೆಯ ಹಿಂಬದಿಯಲ್ಲಿ ಕಿಟಕಿ ಎದ್ದು ಕಾಣದಿದ್ದರೆ ಈ ಸೊಗಸು ಯಾರಿಗೂ ತಿಳಿಯುವುದಿಲ್ಲ.

ಸ್ಕ್ರೀನಿಗೆ 2 ಅಡಿ ಅಗಲ, 6 ಅಡಿ ಎತ್ತರದ ನಾಲ್ಕು ಮಡಿಕೆ, ಹಗುರ ಮರದ ಚೌಕಟ್ಟು, ಕ್ಯಾನ್ವಾಸ್, ಮುಂಬದಿಗೆ ಭೂಪಟಗಳು. ಪಠ್ಯದಲ್ಲೇ ಭೂಪಟದ ಮಾತಿದೆ. ಹಿಂಬದಿಗೆ ಕಪ್ಪು ಬಟ್ಟೆ ಹೊಡೆಯದಿದ್ದರೆ ಹಿಂದಿನ ದೀಪದಿಂದ ನಟಿಯ ನೆರಳು ಮೂಡುತ್ತದೆ. ಹೆಚ್ಚು ಅಂಕುಡೊಂಕಾಗಿ ನಿಲ್ಲಿಸಿದರೆ ಎಳೆದಾಗ ಅದು ಬೀಳುವುದಿಲ್ಲ, ಮಡಚಿಕೊಳ್ಳುತ್ತದೆ. ಹಾಗಾಗಿ ತುಸುವೇ ಬಾಗಿಸಿ ನಿಲ್ಲಿಸಿ, ಬುಡ ಜಾರದಂತೆ ಮುಂದುಗಡೆ ನೆಲಕ್ಕೆ 1 ಇಂಚಿನ ಪಟ್ಟಿ ಹೊಡೆಯಿರಿ. ಚಾರ್ಲ್ಸ್ ಮೇಲಂಚಿನ ನಡುವೆ ಹಿಡಿದೆಳೆದು ಪಕ್ಕಕ್ಕೆ ಸರಿಯಬೇಕು. ಸ್ಕ್ರೀನ್ ಬೀಳುವುದು ಪ್ರೇಕ್ಷಕರ ಕಡೆಗೆ. 7 ಅಡಿ ಜಾಗವನ್ನು ಟೇಪಿನಿಂದ ಗುರುತಿಸಿ, ಅಲ್ಲಿ ಕುರ್ಚಿ ಸುಳಿಯದಿರಲಿ. ಕ್ಯಾನ್ವಾಸ್ ಗಾಳಿ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ, ಮೇಲಂಚಿಗೆ ದಪ್ಪ ಮರದ ಪಟ್ಟಿ ಕೂರಿಸಿದರೆ ‘ಧಡ್’ ಎನ್ನುತ್ತದೆ. ಪ್ರದರ್ಶನಕ್ಕೆ ಮುಂಚೆ ನೆಲ ಒದ್ದೆಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಮುಂದಿನ ಸಾಲಿಗೆ ಧೂಳಿನ ಅಭಿಷೇಕ.

ಜೋಸೆಫ್ ಒಳಬರುವುದೂ ಸ್ಕ್ರೀನ್ ಬೀಳುವುದೂ ಒಂದೇ ಕ್ಷಣ. ಅವನ ಪ್ರವೇಶ ಸರ್ ಪೀಟರನ ಮಾತಿಗೆ ಹೊಂದಿರಲಿ, ಸದ್ದಿಗಲ್ಲ. ಆ ಹೊತ್ತಿನ ನಗುವಿನಲ್ಲಿ ಸದ್ದು ಕೇಳಿಸದು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಲೇಡಿ ಟೀಜಲ್ ಇಣುಕುವ ಜಾಗ. ಅಷ್ಟರಲ್ಲಿ ಆಕೆ, ಗಂಡ ತನಗೆ ವರ್ಷಕ್ಕೆ 800 ಪೌಂಡ್ ಬರೆದಿಡುತ್ತಾನೆಂಬುದನ್ನು ಕೇಳಿಸಿಕೊಂಡಿದ್ದಾಳೆ. ಅಡಗುವಾಗ ಇದ್ದ ತುಂಟ ಮುಖ ಆಗ ಇರಕೂಡದು. ಸ್ಕ್ರೀನ್ ಬಿದ್ದಾಗ ಜನ ಮೊದಲು ನಗಲಿ; ಆ ನಗು ಆಕೆಯ ಮುಖ ನೋಡಿ ತಾನಾಗಿ ನಿಲ್ಲುವವರೆಗೆ ಚಾರ್ಲ್ಸ್ ಬಾಯಿ ತೆರೆಯಬಾರದು. ಆಮೇಲೆ ಅವನ ಗೇಲಿಗೆ ಮೂವರೂ ಮೌನ. ಇಲ್ಲಿ ಒಂದು ಸಾಲನ್ನೂ ಕಡಿಯಬೇಡಿ.

ಬಿದ್ದ ಸ್ಕ್ರೀನನ್ನು ಎತ್ತಲು ಕತ್ತಲು ಬೇಕಿಲ್ಲ. ಐದನೆಯ ಅಂಕ ತೆರೆಯುವುದೂ ಇದೇ ಕೋಣೆಯಲ್ಲಿ. ಜೋಸೆಫ್ ಸಿಟ್ಟಿನಲ್ಲಿ ಸೇವಕನನ್ನು ಗದರುತ್ತಿರುವಾಗ, ಆ ಸೇವಕನೇ ಸ್ಕ್ರೀನನ್ನು ಎತ್ತಿ ಮತ್ತೆ ಕಿಟಕಿಗೆ ಅಡ್ಡ ನಿಲ್ಲಿಸಲಿ.