ಕೊರಗಜ್ಜನ ಪಕ್ಕದಲ್ಲಿ ಅಪ್ಪು

ಕಳೆದ ವಾರ ಮಂಗಳೂರಿನ ಹಂಪನಕಟ್ಟೆಯಿಂದ ಕಂಕನಾಡಿಗೆ ರಿಕ್ಷಾ ಹತ್ತಿದೆ. ಎದುರಿನ ಗಾಜಿನ ಕೆಳಗೆ ಮೂರು ಪಟಗಳಿದ್ದವು. ಕಟೀಲು ಅಮ್ಮ, ನಮ್ಮ ತುಳುನಾಡಿನ ದೈವ ಕೊರಗಜ್ಜ, ಪಕ್ಕದಲ್ಲಿ ಪುನೀತ್ ರಾಜ್‌ಕುಮಾರ್. ಒಂದೇ ಚೆಂಡು ಮಲ್ಲಿಗೆಯನ್ನು ತುಂಡು ಮಾಡಿ ಮೂರಕ್ಕೂ ಇಟ್ಟಿದ್ದರು.

"ಅಪ್ಪು ಕೂಡ ದೇವರಾ?" ಎಂದು ಕೇಳಿದೆ. ಚಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಜ್ಜನ ಹತ್ರ ಕೇಳ್ಲಿಕ್ಕುಂಟು. ಮೊನ್ನೆ ಲೈಸೆನ್ಸ್ ಕಾಣೆಯಾಗಿತ್ತು. ಚಕ್ಕುಲಿ, ವೀಳ್ಯ ಇಡ್ತೇನೆ ಅಂತ ಹೇಳಿಕೊಂಡೆ, ಸಿಕ್ಕಿತು. ಅಪ್ಪು ಹತ್ರ ಎಂತ ಕೇಳುವುದು ಮಾರಾಯ್ರೆ? ಅವರನ್ನು ಸುಮ್ನೆ ನೋಡುವುದು."

ಅಭಿಮಾನ ಒಂದು ಧರ್ಮವೇ, ನಟನ ಸಮಾಧಿಗೆ ಹೋಗುವುದು ಯಾತ್ರೆಯೇ ಎಂದು ಸಮಾಜವಿಜ್ಞಾನಿಗಳು ದಶಕಗಳಿಂದ ಚರ್ಚಿಸುತ್ತಿದ್ದಾರೆ. ನಾನು ಓದಿದ್ದರಲ್ಲಿ ಈ ಗೆರೆಯನ್ನು ಇಷ್ಟು ಸಲೀಸಾಗಿ ಎಳೆದವರು ಯಾರೂ ಇರಲಿಲ್ಲ.

ಫ್ರಾನ್ಸಿನ ಎಮಿಲ್ ಡರ್ಕೈಮ್ 1912ರಲ್ಲೇ ಒಂದು ಮಾತು ಹೇಳಿದ್ದರು. ಧರ್ಮಕ್ಕೆ ದೇವರು ಇರಲೇಬೇಕೆಂದಿಲ್ಲ. ಪವಿತ್ರವೆಂದು ಬೇರೆ ಎತ್ತಿಟ್ಟದ್ದು ಏನೋ ಇರಬೇಕು, ಅದರ ಸುತ್ತ ಆಚರಣೆ ಇರಬೇಕು, ಅದರಿಂದ ಜನ ಒಂದಾಗಬೇಕು. ತುಂಬಾ ಜನ ಒಂದೆಡೆ ಸೇರಿ ಒಂದೇ ಕೆಲಸ ಮಾಡುವಾಗ ಏಳುವ ಕಾವೇ ಧರ್ಮದ ಬೇರು ಎಂಬುದು ಅವರ ವಾದ. ಮೊದಲ ದಿನದ ಮೊದಲ ಶೋ ನೆನಪಿಸಿಕೊಳ್ಳಿ. ಕಟೌಟಿಗೆ ಹಾಲು, ಬೂದುಕುಂಬಳಕಾಯಿ, ಪಟಾಕಿ, ಶಿಳ್ಳೆ. ಡರ್ಕೈಮ್ ಹೇಳಿದ್ದೆಲ್ಲ ಅಲ್ಲಿದೆ, ಅಲ್ವಾ?

ಈ ಕಾವನ್ನು ಈಗ ಅಳೆದೂ ನೋಡಿದ್ದಾರೆ. ಸ್ಪೇನಿನ ಸಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲಿ ಪ್ರತಿ ವರ್ಷ ಕೆಂಡ ಹಾಯುತ್ತಾರೆ. ಕೆಂಡ ಹಾಯುವವರಿಗೂ ನೋಡುವವರಿಗೂ ಎದೆಬಡಿತ ಅಳೆಯುವ ಯಂತ್ರ ಕಟ್ಟಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇದು: ಹಾಯುವವರ ಎದೆಬಡಿತದ ಏರಿಳಿತ ಅವರ ನೆಂಟರಿಷ್ಟರ ಎದೆಬಡಿತದಲ್ಲೂ ಮೂಡಿತ್ತು. ಸುಮ್ಮನೆ ನೋಡಲು ಬಂದ ಹೊರಗಿನವರಲ್ಲಿ ಮೂಡಿರಲಿಲ್ಲ. ಕಟೀಲಿನ ತೂಟೆದಾರದಲ್ಲಿ ಅತ್ತೂರು, ಕೊಡೆತ್ತೂರಿನವರು ಉರಿಯುವ ತೂಟೆ, ಅಂದರೆ ಗರಿಯ ಪಂಜು, ಎಸೆದಾಡುವಾಗ ಮನೆಯವರ ಮುಖ ನೋಡಿದವರಿಗೆ ಇದು ಗೊತ್ತಿರುವ ವಿಷಯವೇ. ಮುಂದೆ ಅಮೆರಿಕದ ಬಾಸ್ಕೆಟ್‌ಬಾಲ್ ಅಭಿಮಾನಿಗಳನ್ನೂ ಹೀಗೇ ಪರೀಕ್ಷಿಸಿದರು. ಟಿವಿಯಲ್ಲಿ ಪಂದ್ಯ ನೋಡಿದವರಿಗಿಂತ ಸ್ಟೇಡಿಯಂನಲ್ಲಿ ಕೂತವರ ಎದೆಬಡಿತ ಒಬ್ಬರದು ಇನ್ನೊಬ್ಬರದಕ್ಕೆ ಜಾಸ್ತಿ ಹೊಂದಿಕೊಂಡಿತ್ತು. ಅಂದರೆ ಎದುರಿಗೆ ಇರುವುದು ದೇವರೋ ಆಟಗಾರನೋ ಎಂದು ಮೈ ಕೇಳುವುದಿಲ್ಲ.

ಹಾಗಾಗಿ ಯಾತ್ರೆಯ ಪ್ರಶ್ನೆಗೆ ನನ್ನ ಉತ್ತರ ಹೌದು. ಎಲ್ವಿಸ್ ಪ್ರೀಸ್ಲಿ ತೀರಿಕೊಂಡದ್ದು 1977ರ ಆಗಸ್ಟ್ 16ರಂದು. ಇಂದಿಗೂ ಪ್ರತಿ ಆಗಸ್ಟ್ 15ರ ರಾತ್ರಿ ಜನ ಮೇಣದಬತ್ತಿ ಹಿಡಿದು ಮೆಂಫಿಸ್‌ನ ಅವರ ಮನೆಯಂಗಳದ ಸಮಾಧಿಗೆ ಸಾಲಾಗಿ ನಡೆಯುತ್ತಾರೆ. ಅಪ್ಪು ಸಮಾಧಿ ಇರುವ ಬೆಂಗಳೂರಿನ ಕಂಠೀರವ ಸ್ಟುಡಿಯೋದ ಸಾಲೂ ಬೇರೆ ಅಲ್ಲ. ನಮ್ಮ ಕರಾವಳಿಯಲ್ಲಿ ಭಕ್ತಿ, ಅಭಿಮಾನ ಎರಡೂ ಒಂದೇ ಬಸ್ಸಿನಲ್ಲಿ ಬರುತ್ತವೆ. ಗಾಯಕ ಯೇಸುದಾಸ್ ಹಲವು ವರ್ಷ ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಎದುರು ಹಾಡಿದ್ದಾರೆ. ಅವರು ಹುಟ್ಟಿದ್ದು ಕ್ರೈಸ್ತ ಕುಟುಂಬದಲ್ಲಿ. ಆ ದಿನ ಅಲ್ಲಿಗೆ ಬಂದ ಮಲಯಾಳಿ ಕುಟುಂಬ ಅಮ್ಮನನ್ನು ನೋಡಲು ಬಂದದ್ದೋ, ದಾಸೇಟ್ಟನ್ ಹಾಡು ಕೇಳಲು ಬಂದದ್ದೋ? ಬಿಡಿಸಲು ಹೋಗುವುದೇ ತಪ್ಪು. ಹರಕೆ ಹೊತ್ತು ಆಡಿಸುವ ಯಕ್ಷಗಾನ ಬಯಲಾಟವೂ ಹಾಗೇ. ಆಟ ಆಡಿಸುವ ಮನೆಯವರಿಗೆ ಅದು ದೇವಿಯ ಸೇವೆ. ಮುಂದೆ ಚಾಪೆ ಹಾಕಿ ಕೂತ ಹುಡುಗರಿಗೆ ಮೆಚ್ಚಿನ ಭಾಗವತರ ಪದ.

ಆದರೆ ಧರ್ಮ? ಇಲ್ಲಿ ನಾನು ರಿಕ್ಷಾದವರ ಪಕ್ಷ. ಹಾರ್ಟನ್ ಮತ್ತು ವೋಲ್ ಎಂಬ ಸಂಶೋಧಕರು 1956ರಲ್ಲಿ ಟಿವಿ, ರೇಡಿಯೋದವರ ಜೊತೆ ನಾವು ಬೆಳೆಸಿಕೊಳ್ಳುವ ಒಮ್ಮುಖದ ನಂಟನ್ನು ಗುರುತಿಸಿದರು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ದೈವಕ್ಕೆ ವೇಷ ಕಟ್ಟಿ ಕುಣಿಯುವ ಕೋಲದ ಕಳ, ಅಂದರೆ ಅಂಗಳ, ಹಾಗಲ್ಲ. ಅಲ್ಲಿ ದೈವ ಮನೆಯವರನ್ನು ಹತ್ತಿರ ಕರೆದು ಮಾತಾಡಿಸುತ್ತದೆ. ದೂರು ಕೇಳುತ್ತದೆ, ತಪ್ಪಿದ ಹರಕೆ ನೆನಪಿಸುತ್ತದೆ, ನುಡಿ ಕೊಡುತ್ತದೆ. ಬೆಳಗಾದ ಮೇಲೆ ಬೆನ್ನಿನ ಅಣಿ, ಕಾಲಿನ ಗಗ್ಗರ ಬಿಚ್ಚಿಟ್ಟವರು ನಮ್ಮ ನಿಮ್ಮಂತೆ ಮನುಷ್ಯರು. 'ಕಾಂತಾರ' ಚಿತ್ರಗಳು ಬಂದ ಮೇಲೆ ಕೆಲವರು ದೈವದ ವೇಷ ಹಾಕಿ ಥಿಯೇಟರ್‌ಗಳಲ್ಲಿ ಕುಣಿದಾಗ ಇಲ್ಲಿನವರಿಗೆ ನೋವಾದದ್ದು ಇದಕ್ಕೇ. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಕುಣಿದವರ ಖುಷಿ ನಿಜವೇ ಇರಬಹುದು. ಆದರೆ ಅಲ್ಲಿ ಯಾರಿಗೂ ಯಾರ ಋಣವೂ ಇರಲಿಲ್ಲ.

ಈ ಲೆಕ್ಕಕ್ಕೆ ಸಿಗದವರು ಡಾ. ರಾಜ್‌ಕುಮಾರ್. ಅವರು ಜನರನ್ನು ಕರೆಯುತ್ತಿದ್ದದ್ದೇ 'ಅಭಿಮಾನಿ ದೇವರುಗಳೇ' ಎಂದು. 2006ರಲ್ಲಿ ಅವರು ಹೋದಾಗ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಮಗ ಹೋದಾಗಲೂ ಆಯಿತು. ಕಣ್ಣಿನ ಎದುರಿನ ಪಾರದರ್ಶಕ ಭಾಗ ಕಾರ್ನಿಯಾ. ಪುನೀತ್ ಅವರ ಎರಡೂ ಕಾರ್ನಿಯಾಗಳ ಪದರ ಬಿಡಿಸಿ, ಮುಂದಿನ ಪದರ ಬೇಕಾದವರಿಗೆ ಅದನ್ನು, ಹಿಂದಿನದು ಬೇಕಾದವರಿಗೆ ಅದನ್ನು ಕಸಿ ಮಾಡಿದರು. ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ರಾಜ್ಯದಲ್ಲಿ ಬೆಳೆಯುತ್ತಾ ಹೋಯಿತು.

ಕಂಕನಾಡಿಯಲ್ಲಿ ಇಳಿಯುವಾಗ ಇದನ್ನೇ ಹೇಳಿದೆ. ಚಾಲಕರು ಅಪ್ಪು ಪಟದ ಹಿಂದೆ ಸಿಕ್ಕಿಸಿದ್ದ ಕಾರ್ಡ್ ಎಳೆದು ತೋರಿಸಿದರು. ನೇತ್ರದಾನದ್ದು. ಮೂಲೆಗಳು ಬೆವರಿಗೆ ಮೆತ್ತಗಾಗಿದ್ದವು.

"ಇದು ಹರಕೆ ಅಲ್ವಾ?" ಎಂದೆ.

"ಅಲ್ಲ. ಅವರು ಕೇಳಿಲ್ಲ. ನಂಗೇ ಹಾಗೆ ಕಂಡಿತು," ಎಂದು ಕಾರ್ಡನ್ನು ಅಲ್ಲೇ ಸಿಕ್ಕಿಸಿ, ಮೀಟರ್ ನೋಡಿದರು.