ಬೆಂಕಿಗಿಂತ ಮೊದಲು ಮೆಟ್ಟಿಲೇರುವ ಹೊಗೆ

2022ರ ಜನವರಿ 9, ಭಾನುವಾರ. ನ್ಯೂಯಾರ್ಕ್‌ನ ಬ್ರಾಂಕ್ಸ್ ಪ್ರದೇಶದಲ್ಲಿ 19 ಮಹಡಿಯ ಒಂದು ವಸತಿ ಕಟ್ಟಡ. ಬೆಳಿಗ್ಗೆ 11ರ ಆಸುಪಾಸಿನಲ್ಲಿ, ಕೆಳಗಿನ ಮಹಡಿಯ ಮನೆಯೊಂದರಲ್ಲಿ ಚಳಿಗೆಂದು ಹಚ್ಚಿಟ್ಟಿದ್ದ ಎಲೆಕ್ಟ್ರಿಕ್ ಹೀಟರ್‌ನಿಂದ ಬೆಂಕಿ ಹತ್ತಿಕೊಂಡಿತು. ಕರೆ ಹೋದ ಮೂರೇ ನಿಮಿಷಕ್ಕೆ ಅಗ್ನಿಶಾಮಕ ವಾಹನ ಬಂತು. ಒಟ್ಟು ಸುಮಾರು 200 ಸಿಬ್ಬಂದಿ ಕೆಲಸಕ್ಕಿಳಿದರು. ಬೆಂಕಿ ಆ ಮನೆ ಮತ್ತು ಅದರ ಮುಂದಿನ ಓಣಿ (ಕಾರಿಡಾರ್) ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ಆದರೂ 17 ಜನ ಸತ್ತರು. ಅವರಲ್ಲಿ 8 ಮಕ್ಕಳು.

ಕೊಂದದ್ದು ಹೊಗೆ. ಹೊಗೆಗೆ ದಾರಿ ಕೊಟ್ಟದ್ದು ಬಾಗಿಲು.

ಆ ಮನೆಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕಿತ್ತು. ಅಂಥ ಬಾಗಿಲು ಇರಲೇಬೇಕು ಎನ್ನುವುದು ಅಲ್ಲಿನ ಕಾನೂನು. ಮನೆಯವರು ಜೀವ ಉಳಿಸಿಕೊಳ್ಳಲು ಹೊರಗೋಡಿದಾಗ ಅದು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಹೊಗೆ ಓಣಿಗೆ ಬಂತು, ಓಣಿಯಿಂದ ಮೆಟ್ಟಿಲಿಗೆ ನುಗ್ಗಿತು. ಮೇಲೆ 15ನೇ ಮಹಡಿಯಲ್ಲೂ ಮೆಟ್ಟಿಲ ಬಾಗಿಲು ತೆರೆದೇ ಇತ್ತು. ಕೆಳಗೊಂದು ಬಾಯಿ, ಮೇಲೊಂದು ಬಾಯಿ. ಹಳೇ ಮನೆಯ ಒಲೆ ಮೇಲಿನ ಹೊಗೆಗೂಡು ಕೆಲಸ ಮಾಡುವುದೂ ಹೀಗೇ ಅಲ್ವಾ? ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಅದು ಬಿಟ್ಟ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಹೊರಗೆ ಚಳಿ, ಒಳಗೆ ಬೆಚ್ಚಗೆ ಇರುವ ಎತ್ತರದ ಕಟ್ಟಡದಲ್ಲಿ ಬೆಂಕಿಯೇ ಇಲ್ಲದಿದ್ದರೂ ಈ ಸೆಳೆತ ಇರುತ್ತದೆ. ಬೆಂಕಿ ಬಿದ್ದರಂತೂ ಕೇಳುವುದೇ ಬೇಡ.

ಹೊಗೆ ಅಂದರೆ ಬರೀ ಕಪ್ಪು ಗಾಳಿ ಅಲ್ಲ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೋಫಾ, ಹಾಸಿಗೆಯ ಫೋಮ್ ಉರಿದರೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಇಷ್ಟು ಸಾಲದೆಂಬಂತೆ, ಹೊಗೆಯಲ್ಲಿ ಅರ್ಧ ಉರಿದ ಅನಿಲಗಳೂ ಇರುತ್ತವೆ. ಅಂದರೆ ಹೊಗೆಯೇ ಇಂಧನ. ಗಾಳಿ ಸಿಕ್ಕಿದ ಕೂಡಲೇ ಅದಕ್ಕೂ ಬೆಂಕಿ ಹತ್ತಬಹುದು.

ಅದಕ್ಕೇ ತರಬೇತಾದ ಅಗ್ನಿಶಾಮಕ ಸಿಬ್ಬಂದಿ ಉರಿಯುವ ಮನೆಯ ಬಾಗಿಲನ್ನು ಸುಮ್ನೆ ಒದ್ದು ನುಗ್ಗುವುದಿಲ್ಲ. ಬೆಂಕಿಯ ಕೆಳಗಿನ ಮಹಡಿಯಲ್ಲಿ ರೈಸರ್‌ಗೆ, ಅಂದರೆ ಮಹಡಿಗಳಿಗೆ ನೀರು ಏರಿಸುವ ಪೈಪಿಗೆ, ಹೋಸ್ ಜೋಡಿಸುತ್ತಾರೆ. ಹೋಸನ್ನು ಬಿಡಿಸಿ ಹಾಸುತ್ತಾರೆ, ನೀರು ತುಂಬಿ ಅದು ಗಟ್ಟಿಯಾಗುವವರೆಗೆ ಕಾಯುತ್ತಾರೆ. ಬೆನ್ನಿಗೆ ಹೊತ್ತ ಸಿಲಿಂಡರ್‌ನಿಂದ ಉಸಿರಾಡಲು ಗಾಳಿ ಕೊಡುವ ಬಿ.ಎ. ಸೆಟ್‌ನ ಮುಖವಾಡ ಬಿಗಿದುಕೊಂಡು, ಬಾಗಿಲ ಬಳಿ ತಗ್ಗಿ ಕೂರುತ್ತಾರೆ. ಬಾಗಿಲು ತೆರೆದಾಗ ಮೇಲಿನ ಸಂದಿಯಿಂದ ಹೊಗೆ ಹೊರಗೆ ಬರುತ್ತದೆ, ಕೆಳಗಿನಿಂದ ಗಾಳಿ ಒಳಗೆ ಹೋಗುತ್ತದೆ. ಇದನ್ನು ನೋಡಿಯೇ ಒಳಗಿನ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ಅಂದಾಜು ಮಾಡುತ್ತಾರೆ. ಇಬ್ಬರು ಒಳಗೆ ಹೋದರೆ ಒಬ್ಬರು ಬಾಗಿಲಲ್ಲೇ ನಿಂತು, ಹೋಸ್ ಸರಿಯುವಷ್ಟೇ ಜಾಗ ಬಿಟ್ಟು, ಬಾಗಿಲನ್ನು ಎಳೆದು ಹಿಡಿದಿರುತ್ತಾರೆ. ನೋಡುವವರಿಗೆ ಆ ಒಬ್ಬರು ಕೆಲಸವಿಲ್ಲದೆ ನಿಂತಂತೆ ಕಾಣುತ್ತದೆ. ನನ್ನ ಪ್ರಕಾರ ಇಡೀ ತಂಡದ ಜೀವ ಅವರ ಕೈಯಲ್ಲಿದೆ.

2012ರಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆ ಮತ್ತು ಸಂಶೋಧಕರು ಸೇರಿ ಗವರ್ನರ್ಸ್ ದ್ವೀಪದಲ್ಲಿ ಖಾಲಿ ಬಿದ್ದಿದ್ದ ಮನೆಗಳಿಗೆ ಬೇಕೆಂದೇ ಬೆಂಕಿ ಹಚ್ಚಿ, ಒಳಗಿನ ಬಿಸಿಯನ್ನು ಅಳೆದರು. ನೀರು ಹಾಕದೆ ಬಾಗಿಲು, ಕಿಟಕಿ ತೆರೆದರೆ ಬೆಂಕಿ ತಣಿಯುವ ಬದಲು ಜಾಸ್ತಿಯೇ ಆಗುತ್ತದೆ ಎಂದು ಕಂಡುಬಂತು. ಹೊಗೆ ಹೋಗಲಿ ಅಂತ ಕಿಟಕಿ ಒಡೆಯುವ ನಮ್ಮ ಸಹಜ ಬುದ್ಧಿ ಇಲ್ಲಿ ತಿರುಗುಬಾಣ. ಅದೇ ಬಗೆಯ ಇನ್ನೊಂದು ಸರಣಿ ಪ್ರಯೋಗದಲ್ಲಿ ಬಾಗಿಲು ತೆರೆದಿದ್ದ ಕೋಣೆಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಬಾಗಿಲು ಮುಚ್ಚಿದ್ದ ಪಕ್ಕದ ಕೋಣೆ 40 ಡಿಗ್ರಿಯ ಆಸುಪಾಸಿನಲ್ಲಿತ್ತು. ನಮ್ಮ ಕಲಬುರಗಿಯ ಬೇಸಿಗೆಯಷ್ಟು!

ಒಳಗೆ ಹೋದವರಿಗೆ ಕಣ್ಣು ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ. ಒಂದು ಕೈ ಗೋಡೆ ಬಿಡದಂತೆ ತೆವಳುತ್ತಾರೆ. ಗೋಡೆ ತಪ್ಪಿದರೆ ವಾಪಸ್ ದಾರಿಯೂ ತಪ್ಪಿತು. ಇನ್ನೊಂದು ಕೈಯಿಂದ ಮಂಚದ ಕೆಳಗೆ, ಕಪಾಟಿನೊಳಗೆ ತಡಕುತ್ತಾರೆ. ಹೆದರಿದ ಮಕ್ಕಳು ಬಚ್ಚಿಟ್ಟುಕೊಳ್ಳುವುದು ಅಲ್ಲೇ. ಶಾಖ ನೋಡುವ ಥರ್ಮಲ್ ಕ್ಯಾಮೆರಾ ಹೊಗೆಯೊಳಗೂ ಮನುಷ್ಯರನ್ನು ತೋರಿಸುತ್ತದೆ, ಆದರೆ ಗಾಜಿನಾಚೆ ನೋಡಲಾರದು. ಸಿಲಿಂಡರ್‌ನ ಗಾಳಿ ಹೆಸರಿಗೆ ಅರ್ಧ, ಮುಕ್ಕಾಲು ಗಂಟೆಯದು. ಭಾರ ಹೊತ್ತು ಮೆಟ್ಟಿಲು ಹತ್ತುವವರಿಗೆ ಅಷ್ಟು ಹೊತ್ತು ಬರುವುದಿಲ್ಲ. ಬ್ರಾಂಕ್ಸ್‌ನಲ್ಲಿ ಮಹಡಿ ಮಹಡಿಯ ಮೆಟ್ಟಿಲಲ್ಲೂ ಜನ ಬಿದ್ದಿದ್ದರು. ಗಾಳಿ ಮುಗಿದ ಮೇಲೂ ಕೆಲವು ಸಿಬ್ಬಂದಿ ಅವರನ್ನು ಹೊರಗೆ ತರುತ್ತಲೇ ಇದ್ದರು.

ಬೆಂಗಳೂರಿಗೆ ಈ ಪಾಠ ಹೊಸದಲ್ಲ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು. ಅದು ಕಚೇರಿಗಳಿದ್ದ ಕಟ್ಟಡ. ಅಲ್ಲೂ ಹೊಗೆ ವಿದ್ಯುತ್ ಕೇಬಲ್‌ಗಳ ಡಕ್ಟ್ ಹಿಡಿದು ಮೇಲೇರಿತು. ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. 2023ರಲ್ಲಿ ರಾಜ್ಯದ ಅಗ್ನಿಶಾಮಕ ಇಲಾಖೆಗೆ 90 ಮೀಟರ್ ಎತ್ತರಕ್ಕೆ ಹೋಗುವ ಏಣಿ ಬಂದಾಗ ಎಲ್ಲರೂ ಬಾಯಿ ತೆರೆದು ನೋಡಿದೆವು. ಬೇಕು, ನಿಜ. ಆದರೆ ಅಂಥ ವಾಹನ ನಿಲ್ಲಲು ಅಗಲವಾದ, ಗಟ್ಟಿಯಾದ ಜಾಗ ಬೇಕು. ನಮ್ಮ ಗಲ್ಲಿಗಳಲ್ಲಿ ಅದೆಲ್ಲಿದೆ? ಕೊನೆಗೆ ಸಿಬ್ಬಂದಿ ಹತ್ತುವುದು ಮೆಟ್ಟಿಲನ್ನೇ. ಆ ಮೆಟ್ಟಿಲ ಫೈರ್ ಡೋರ್‌ಗೆ ನಾವು ಇಟ್ಟಿಗೆ ಕೊಟ್ಟು, ಗಾಳಿ ಬರಲಿ ಅಂತ ತೆರೆದಿಟ್ಟಿರುತ್ತೇವೆ.

ಇನ್ನು ಬಾಲ್ಕನಿಯ ಕಬ್ಬಿಣದ ಗ್ರಿಲ್. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಬೆಂಕಿಯಲ್ಲಿ ಒಬ್ಬ ಮಹಿಳೆ ಬಾಲ್ಕನಿವರೆಗೂ ಬಂದಿದ್ದರು, ಗ್ರಿಲ್ ದಾಟಿ ಬರಲಾಗಲಿಲ್ಲ. ಗ್ರಿಲ್ ಹಾಕಿಸುವುದಾದರೆ ಒಳಗಿನಿಂದ ತೆಗೆಯಬಹುದಾದ ಸಣ್ಣ ಬಾಗಿಲೊಂದನ್ನು ಮಾಡಿಕೊಡಲು ವೆಲ್ಡರ್‌ಗೆ ಹೇಳಬಹುದು.

ಬೆಂಕಿ ನಿಮ್ಮ ಮನೆಯದಾದರೆ ಎಲ್ಲರನ್ನೂ ಕರೆದುಕೊಂಡು ಹೊರಬಂದು ಬಾಗಿಲು ಎಳೆದುಕೊಳ್ಳಿ. ಬೀಗ ಬೇಡ. ಬೇರೆ ಮನೆಯದಾಗಿ, ಮೆಟ್ಟಿಲ ತುಂಬ ಹೊಗೆ ಇದ್ದರೆ ಅದರೊಳಗೆ ನುಗ್ಗಬೇಡಿ. ನಿಮ್ಮ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, 112 ಅಥವಾ 101ಕ್ಕೆ ಫೋನ್ ಮಾಡಿ. ಯಾವ ಮಹಡಿ, ರಸ್ತೆ ಬದಿಯ ಕಿಟಕಿಯೋ ಹಿಂಬದಿಯದೋ, ಒಳಗೆ ಎಷ್ಟು ಜನ, ನಡೆಯಲಾಗದವರು ಯಾರಾದರೂ ಇದ್ದಾರಾ ಎಂದು ಹೇಳಿ. ಗ್ಯಾಸ್ ಸಿಲಿಂಡರ್ ಎಲ್ಲಿದೆ ಅನ್ನುವುದನ್ನೂ ಹೇಳಿ. ಬರುವವರು ಗೇಟಿನಲ್ಲಿ ಕೇಳುವ ಮೊದಲ ಪ್ರಶ್ನೆಗಳು ಇವೇ.